ಹುಸಿಮೀನಿಗೆ ಬೆಳ್ಳಿ ಮೈ

ಮಲ್ಪೆಯ ಬಂದರಿಗೆ ಬೂತಾಯಿ ತುಂಬಿದ ಬೋಟು ಬಂತೆಂದರೆ ಬುಟ್ಟಿ ಹೊರುವವರ ಮುಂಗೈಗೆ, ಬುಟ್ಟಿಯ ಅಂಚಿಗೆ, ನೆಲದ ಸಿಮೆಂಟಿಗೆ, ಎಲ್ಲಕ್ಕೂ ಹುರುಪೆ ಮೆತ್ತಿಕೊಳ್ಳುತ್ತದೆ. ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುತ್ತದೆ. ಇಷ್ಟೊಂದು ಹೊಳೆಯುವ ಮೀನು ಕಡಲಲ್ಲಿ ಅಂಜಲ್‌ನಂಥ ಬೇಟೆಮೀನಿನ ಕಣ್ಣಿಗೆ ಎಷ್ಟು ಸಲೀಸಾಗಿ ಬೀಳುತ್ತಿರಬೇಕು ಎಂದು ಯಾರಿಗಾದರೂ ಅನಿಸೀತು. ವಾಸ್ತವ ಇದಕ್ಕೆ ತದ್ವಿರುದ್ಧ. ಬೂತಾಯಿಗೆ ಬೆಳ್ಳಿ ಮೈ ಬಂದಿರುವುದು ನೀರಿನಲ್ಲಿ ಕಾಣದಂತೆ ಇರುವುದಕ್ಕೆ. ಅದೇ ಬೆಳ್ಳಿಯನ್ನು ಗಾಳದವರು ಮರದ ತುಂಡಿನ ಮೇಲೆ ಮೆತ್ತಿ, ಬೇಟೆಮೀನು ದೂರದಿಂದಲೇ ನೋಡಿ ಬರಲಿ ಎಂದು ನೀರಿಗೆ ಎಸೆಯುತ್ತಾರೆ. ಮೀನು ಬಂದು ಕಚ್ಚುತ್ತದೆ ಕೂಡ. ಮರೆಮಾಡುವ ಹೊಳಪೇ ಕರೆಯುವ ಹೊಳಪೂ ಆಗುವುದು ಹೇಗೆ?

ಹುಳ, ಸಿಗಡಿ, ಹಿಟ್ಟಿನ ಉಂಡೆ ಯಾವುದನ್ನೂ ಚುಚ್ಚದೆ, ಲೋಹದ, ಮರದ ಅಥವಾ ಪ್ಲಾಸ್ಟಿಕ್ಕಿನ ಹುಸಿಮೀನನ್ನು ದಾರಕ್ಕೆ ಕಟ್ಟಿ ಎಸೆದು ಎಳೆಯುವ ಪದ್ಧತಿ ಈಗ ನಮ್ಮ ಅಳಿವೆಬಾಗಿಲುಗಳಲ್ಲೂ ಕಾಣುತ್ತದೆ. ಆ ಹುಸಿಮೀನಿಗೆ ಲೂರ್ ಎನ್ನುತ್ತಾರೆ. ಲೂರ್ ಮಾಡುವವರು ತಲೆತಲಾಂತರದಿಂದ ಅತಿಹೆಚ್ಚು ತಲೆ ಕೆಡಿಸಿಕೊಂಡಿರುವುದು ಅದರ ಮೇಲ್ಮೈಯ ಬಗ್ಗೆ. ಚಿಪ್ಪು, ಹಿತ್ತಾಳೆ, ತವರ, ಚಾಕೊಲೇಟಿನ ತಗಡುಕಾಗದ, ಮೀನಿನ ಹುರುಪೆಯ ರಸ, ಅಭ್ರಕದ ಪುಡಿ, ಹೊಲೊಗ್ರಾಂ ಹಾಳೆ, ಹೀಗೆ ಬೆಳಕನ್ನು ಹಿಡಿದು ಎಸೆಯಬಲ್ಲ ಎಲ್ಲವನ್ನೂ ಮೆತ್ತಿ ನೋಡಿದ್ದಾರೆ. ಈ ಪ್ರಯೋಗಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಹೊಳಪನ್ನು ಬಣ್ಣದ ಹಾಗೆ ಬಳಿದು ಮುಗಿಸಲಾಗದು. ಅದು ಮೈ ಹೊರಳಿದ ಗಳಿಗೆಯಲ್ಲಿ ಹುಟ್ಟಿ ಆರಿಹೋಗುತ್ತದೆ. ಇದನ್ನು ಅರಿತವರ ಲೂರ್ ಸಾಧಾರಣ ಫಾಯಿಲ್ಲಿನಲ್ಲೂ ಮೀನು ಹಿಡಿಯುತ್ತದೆ. ಅರಿಯದವರು ದುಬಾರಿ ಲೇಪನಕ್ಕೆ ಹಣ ಸುರಿಯುತ್ತಾರೆ.

ಮೊದಲು ಮೀನಿನ ಬೆಳ್ಳಿಯ ಗುಟ್ಟು ನೋಡೋಣ. ಇಂಗ್ಲೆಂಡಿನ ಪ್ಲಿಮತ್‌ನ ಸಾಗರ ಪ್ರಯೋಗಾಲಯದಲ್ಲಿ ಎರಿಕ್ ಡೆಂಟನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಹುರುಪೆಯಲ್ಲಿ, ಚರ್ಮದಲ್ಲಿ ಒಂದು ಗುಂಜಿ ಲೋಹವೂ ಇಲ್ಲ. ಇರುವುದು ಗ್ವಾನೀನ್, ಅಂದರೆ ನಮ್ಮ ಡಿಎನ್‌ಎಯಲ್ಲೂ ಇರುವ ವಸ್ತು. ಅದರ ತೆಳು ಹರಳುಗಳು, ನಡುನಡುವೆ ಜೀವರಸದ ಪದರ, ಮತ್ತೆ ಹರಳು, ಹೀಗೆ ಅಟ್ಟಿಯಾಗಿ ಜೋಡಿಸಿಕೊಂಡಿವೆ. ಹರಳಿನ ದಪ್ಪ ಸುಮಾರು 70 ನ್ಯಾನೋಮೀಟರ್, ಜೀವರಸದ ಪದರ ಸುಮಾರು 100. ಗ್ವಾನೀನಿನ ವಕ್ರೀಭವನಾಂಕ 1.8ರ ಆಸುಪಾಸಿನಲ್ಲಿದ್ದರೆ ಜೀವರಸದ್ದು 1.33. ಇವೆರಡೂ ಕೂಡುವ ಪ್ರತಿ ಅಂಚಿನಲ್ಲೂ ಸ್ವಲ್ಪ ಬೆಳಕು ಹಿಂದಿರುಗುತ್ತದೆ. ಪದರಗಳು ಈ ಅಳತೆಯಲ್ಲಿ ಇರುವುದರಿಂದ ಹಿಂದಿರುಗಿದ ಅಲೆಗಳೆಲ್ಲ ಹೆಜ್ಜೆಗೆ ಹೆಜ್ಜೆ ಕೂಡಿಸಿ ಒಂದನ್ನೊಂದು ಬಲಪಡಿಸುತ್ತವೆ. ಹರಳು, ಪದರಗಳ ದಪ್ಪ ಅಲ್ಲಲ್ಲಿ ಬೇರೆಬೇರೆ ಇರುವ ಕಾರಣ ಒಂದೇ ಬಣ್ಣ ಮಿಂಚದೆ ಎಲ್ಲ ಬಣ್ಣವೂ ಸೇರಿ ಬೆಳ್ಳಿಯಾಗುತ್ತದೆ.

ಡೆಂಟನ್ ಕಂಡ ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಮೀನಿನ ಪಕ್ಕೆ ದುಂಡಗಿದ್ದರೂ ಒಳಗಿನ ಹರಳುಗಳು ಆ ದುಂಡಿಗೆ ಬಾಗದೆ ನೆಟ್ಟಗೆ ನಿಂತಿರುತ್ತವೆ. ಕಡಲೊಳಗೆ ಬೆಳಕು ಮೇಲಿನಿಂದ ಹೆಚ್ಚು, ಕೆಳಗಿನಿಂದ ಕಡಿಮೆ. ಆದರೆ ಒಂದೇ ಆಳದಲ್ಲಿದ್ದು ಸುತ್ತ ನೋಡಿದರೆ ಯಾವ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಮಬ್ಬು. ಅಲ್ಲಿ ನೆಟ್ಟಗೆ ನಿಂತ ಕನ್ನಡಿ ತನ್ನ ಎದುರಿನ ನೀರನ್ನು ತೋರಿಸುತ್ತದೆ. ಬೆನ್ನ ಹಿಂದಿನ ನೀರೂ ಹಾಗೆಯೇ ಇರುವುದರಿಂದ ಕನ್ನಡಿ ಇದೆಯೆಂದೇ ನೋಡುವವರಿಗೆ ತಿಳಿಯುವುದಿಲ್ಲ. ಬೂತಾಯಿ ಮರೆಯಾಗುವುದು ಹೀಗೆ. ಮೀನು ಗಾಯಗೊಂಡು, ಬಳಲಿ, ಹೆದರಿ ಒಮ್ಮೆ ವಾಲಿತೋ, ಪಕ್ಕೆಯ ಕನ್ನಡಿ ಮೇಲಿನ ಆಕಾಶದ ಬೆಳಕನ್ನು ಹಿಡಿದು ಪಕ್ಕಕ್ಕೆ ಚಿಮ್ಮಿಸುತ್ತದೆ. ಮಬ್ಬಿನ ನಡುವೆ ಒಂದು ಮಿಂಚು. ಬೇಟೆಮೀನಿಗೆ ಬೇಕಾದ ಸುದ್ದಿ ಆ ಮಿಂಚಿನಲ್ಲಿದೆ: ಇಲ್ಲೊಂದು ಮೀನಿದೆ, ಅದರ ಹಿಡಿತ ತಪ್ಪಿದೆ.

ಹಾಗಾಗಿ ಲೂರಿನ ಲೇಪನವನ್ನು ತೂಗುವಾಗ ಮೂರನ್ನು ಒಟ್ಟಿಗೆ ಹಿಡಿಯಬೇಕು: ಆ ನೀರಿನಲ್ಲಿ ಯಾವ ಬೆಳಕು ಉಳಿದಿದೆ, ಮೇಲ್ಮೈ ಅದರಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ, ಮೈ ಎಷ್ಟು ಹೊರಳುತ್ತದೆ. ಹಳೆಯ ಕಾಲದ ಬೆಸ್ತರಿಗೆ ಈ ಮೂರೂ ಕೈಯಲ್ಲಿದ್ದ ಕಸುಬಿನಿಂದಲೇ ಗೊತ್ತಿತ್ತು.

ಪೆಸಿಫಿಕ್ ದ್ವೀಪಗಳವರು ಟ್ಯೂನಾ ಜಾತಿಯ ಮೀನಿಗೆಂದು ಮುತ್ತಿನ ಚಿಪ್ಪಿನಿಂದ ಲೂರ್ ಕೆತ್ತುತ್ತಿದ್ದರು. ಹವಾಯಿಯ ಪಾ ಹಿ ಅಕು, ನ್ಯೂಜಿಲೆಂಡಿನ ಮಾವೊರಿಗಳು ಪಾವಾ ಚಿಪ್ಪನ್ನು ಮರಕ್ಕೆ ಕೂಡಿಸಿ ಮಾಡಿದ ಪಾ ಕಹವೈ, ಇವನ್ನು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಕಂಡವರು ಆಭರಣವೆಂದೇ ತಿಳಿದಾರು. ಚಿಪ್ಪಿನ ಒಳಮೈಯ ಹೊಳಪೂ ಪದರಗಳದ್ದೇ: ಸುಣ್ಣದ ಹರಳಾದ ಅರಗೊನೈಟಿನ, ಸುಮಾರು ಅರ್ಧ ಮೈಕ್ರಾನ್ ದಪ್ಪದ ಹಲ್ಲೆಗಳು, ನಡುವೆ ಜೈವಿಕ ಪೊರೆ. ಈ ವರ್ಣವಿಲಾಸದ ಬೆನ್ನು ಹತ್ತಿದವರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಮುಖ್ಯರು. 1930ರ ದಶಕದ ನಡುವಿನಲ್ಲಿ, ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಬಣ್ಣ ಮಿನುಗುವ ಚಿಪ್ಪುಗಳ ಮೇಲೆ ಅವರು ಸಾಲು ಪ್ರಬಂಧಗಳನ್ನು ಪ್ರಕಟಿಸಿದರು. ಪದರಗಳಿಂದ ಮರಳುವ ಬೆಳಕು, ಪದರಗಳ ಅಂಚಿನಿಂದ ಚದುರುವ ಬೆಳಕು, ಚಿಪ್ಪಿನ ಮೈಬಣ್ಣ ಇವನ್ನು ಬಿಡಿಬಿಡಿಯಾಗಿ ನೋಡಿದ ಆ ಬರಹಗಳಲ್ಲಿ ಗಾಳದ ಮಾತಿಲ್ಲ. ಆದರೂ ಲೂರಿನ ಮೇಲ್ಮೈ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬಯಸುವ ಕನ್ನಡಿಗರು ಓದಲೇಬೇಕಾದ ಕೆಲಸ ಅದು.

ಮಂಗಳೂರಿನಿಂದ ಸರಕು ಹೊತ್ತ ಹಡಗುಗಳು ಹೋಗುವ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಇನ್ನೂ ನಡೆದಿರುವ ಪದ್ಧತಿಯನ್ನು ನೋಡಿ. ಕೋಲುಗಾಳದಲ್ಲಿ ಟ್ಯೂನಾ ಹಿಡಿಯುವ ಅವರ ಗಾಳಕ್ಕೆ ಎರೆ ಇಲ್ಲ, ಮುಳ್ಳಿನ ಹಿಂಗೊಕ್ಕೆಯೂ ಇಲ್ಲ; ಫಳಫಳಿಸುವ ಬರಿಯ ಕೊಕ್ಕೆ. ಜೀವಂತ ಸಣ್ಣ ಮೀನುಗಳನ್ನು ನೀರಿಗೆ ಚೆಲ್ಲಿ ಟ್ಯೂನಾ ಹಿಂಡನ್ನು ದೋಣಿಯ ಬಳಿ ಕೆರಳಿಸುತ್ತಾರೆ. ಜೊತೆಗೆ ಸಮುದ್ರದ ಮೇಲೆ ನೀರಿನ ತುಂತುರು ಚಿಮ್ಮಿಸುತ್ತಾರೆ. ತುಂತುರು ಬಿದ್ದ ಮೇಲ್ನೀರು ಕದಡಿ ಬೆಳಕು ಚೂರುಚೂರಾಗುತ್ತದೆ, ಅದರಡಿ ಕೊಕ್ಕೆಯ ಮಿಂಚು ಸಣ್ಣ ಮೀನಿನ ಮಿಂಚಿಗಿಂತ ಬೇರೆಯೆಂದು ಟ್ಯೂನಾಕ್ಕೆ ಅನಿಸುವುದಿಲ್ಲ. ಲೇಪನದ ಕೆಲಸವನ್ನು ಇಲ್ಲಿ ಅರ್ಧ ಕೊಕ್ಕೆ ಮಾಡಿದರೆ ಇನ್ನರ್ಧ ನೀರೇ ಮಾಡುತ್ತದೆ. ಇಷ್ಟು ಸರಳ, ಇಷ್ಟು ಪರಿಪೂರ್ಣ ಏರ್ಪಾಡನ್ನು ಯಾವ ಕಾರ್ಖಾನೆಯೂ ಮಾಡಿಲ್ಲ ಎಂದೇ ನನ್ನ ಎಣಿಕೆ.

ಲೋಹದ ಚಮಚದ ಕಥೆ ಅಮೆರಿಕದ್ದು. ವರ್ಮಾಂಟಿನ ಜೂಲಿಯೊ ಬ್ಯೂಯೆಲ್ ಎಂಬ ಹುಡುಗ ಸರೋವರದಲ್ಲಿ ಊಟದ ಚಮಚ ಬೀಳಿಸಿಕೊಂಡ, ಅದು ಹೊರಳುತ್ತ ಮುಳುಗುವಾಗ ದೊಡ್ಡ ಮೀನೊಂದು ಎರಗಿತು, ಅವನು ಚಮಚದ ಹಿಡಿ ಕತ್ತರಿಸಿ ಕೊಕ್ಕೆ ಬೆಸೆದ ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಪೇಟೆಂಟ್ ಸಿಕ್ಕಿದ್ದು 1852ರಲ್ಲಿ. ಕಥೆಯಲ್ಲಿ ಎಷ್ಟು ನಿಜವೋ, ತತ್ತ್ವ ಮಾತ್ರ ಅಪ್ಪಟ: ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಇರುವ ತಗಡು ನೀರಿನಲ್ಲಿ ನೆಟ್ಟಗೆ ನಿಲ್ಲಲಾರದು, ಹಾಗಾಗಿ ಮಿಂಚದೆ ಇರಲಾರದು. ಈ ಚಮಚ ಬೇಗನೆ ನಮ್ಮ ಹೊಳೆಗಳಿಗೂ ಬಂತು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್, ಜಿಲ್ಲೆಯ ಮೀನುಸಂಪತ್ತಿನ ಬಗ್ಗೆ ಸರ್ಕಾರಕ್ಕೆ ವರದಿ ಬರೆದಿದ್ದಾತ, 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದ. ಮಹಶೀರ್ ಹಿಡಿಯುವ ಬಗೆಯನ್ನು ಅದರಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ಒಂದು ಶತಮಾನದ ನಂತರ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್‌ಗೆ ಹೆಸರಾದದ್ದು ಮಾತ್ರ ಮಿಂಚೇ ಇಲ್ಲದ ರಾಗಿಹಿಟ್ಟಿನ ಉಂಡೆ. ಅದೇ ಮೀನು ಕಣ್ಣಿಗೂ ಬರುತ್ತದೆ, ಮೂಗಿಗೂ ಬರುತ್ತದೆ. ಹೊಳಪನ್ನು ಹೊಗಳುವಾಗ ಇದು ನೆನಪಿರಬೇಕು. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಲೇಪನದ ಕೌಶಲವನ್ನೆಲ್ಲ ಅದರ ಮೇಲೆ ತೋರಿಸುವ ಕಾಲ ಮುಗಿದಿದೆ.

ಮರದ ಹುಸಿಮೀನಿಗೆ ಬೆಳ್ಳಿ ಬಂದ ಬಗೆಗಳಲ್ಲಿ ಎರಡು ಮುಖ್ಯ. ಒಂದು ಬಣ್ಣದ ದಾರಿ, ಇನ್ನೊಂದು ರೇಕಿನ ದಾರಿ.

ಬಣ್ಣದ ದಾರಿ ಪ್ಯಾರಿಸ್ಸಿನಿಂದ ಹೊರಡುತ್ತದೆ. ಹದಿನೇಳನೆಯ ಶತಮಾನದಲ್ಲಿ ಜಪಮಣಿ ಮಾಡುವ ಜಾಕ್ಯಾಂ ಎಂಬಾತ ಏಬ್ಲೆಟ್ ಎಂಬ ಸಣ್ಣ ಹೊಳೆಮೀನಿನ ಹುರುಪೆ ತೊಳೆದ ನೀರಿನ ತಳದಲ್ಲಿ ಬೆಳ್ಳಿಯ ಗಸಿ ನಿಲ್ಲುವುದನ್ನು ಕಂಡು, ಅದರಿಂದ ಹುಸಿಮುತ್ತುಗಳಿಗೆ ಕಾಂತಿ ತಂದ. ಆ ಗಸಿಯೇ ಗ್ವಾನೀನ್. ಮುಂದೆ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ಮೇಯ್ನ್ ಕರಾವಳಿಯ ಹೆರಿಂಗ್ ಮೀನಿನಿಂದಲೂ ಅದನ್ನು ತೆಗೆದರು. ಅದು ಅಂಗಿಯ ಗುಂಡಿಗೆ, ಉಗುರುಬಣ್ಣಕ್ಕೆ ಹೋಯಿತು. ರಾಶಿರಾಶಿ ಮೀನಿನಿಂದ ಹಿಡಿಯಷ್ಟು ಸಿಗುವ ಸರಕಿಗೆ ಬದಲಿ ಹುಡುಕಿದಾಗ ಸಿಕ್ಕಿದ್ದು ಸೀಸದ ಕಾರ್ಬನೇಟಿನ ಹರಳು. ಹೊಳಪು ಚೆನ್ನ, ವಿಷವೂ ಅಷ್ಟೇ. ಬಿಸ್ಮತ್ತಿನ ಸಂಯುಕ್ತವೂ ಬಂತು. ಆಟ ಬದಲಿಸಿದ್ದು 1960ರ ದಶಕ: ಅಭ್ರಕದ ಸಣ್ಣ ಹೊಟ್ಟುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಪೊರೆ ಹಿಡಿಸಿದ ಪುಡಿ. ಪೊರೆ 50 ನ್ಯಾನೋಮೀಟರ್ ಆಸುಪಾಸಿದ್ದರೆ ಬೆಳ್ಳಿ; ದಪ್ಪ ಏರುತ್ತ ಹೋದ ಹಾಗೆ ಹೊನ್ನು, ಕೆಂಪು, ನೀಲಿ, ಹಸಿರು. ಇಂದು ಕಾರಿನ ಬಣ್ಣದಿಂದ ತುಟಿಯ ಬಣ್ಣದ ತನಕ ಮುತ್ತಿನ ಹೊಳಪೆಂದು ಮಾರುವುದೆಲ್ಲ ಬಹುತೇಕ ಇದೇ.

ಲೂರ್ ಮಾಡುವವರಿಗೆ ಈ ಪುಡಿ ದೊಡ್ಡ ವರ. ಏರ್‌ಬ್ರಷ್‌ನಲ್ಲಿ ಸುಲಭವಾಗಿ ಹೋಗುತ್ತದೆ, ದುಂಡು ಮೈಯಲ್ಲಿ ಸುಕ್ಕಾಗುವ ಭಯವಿಲ್ಲ. ಆದರೆ ಅಡಿಬಣ್ಣವನ್ನು ಅರಿಯದೆ ಬಳಿದರೆ ಫಲ ಕಡಿಮೆ. ಬಿಳಿಯ ಮೇಲೆ ನೀಲಿಮುತ್ತು ಬಳಿದರೆ ಪುಡಿಯಿಂದ ಮರಳಿದ ನೀಲಿಯನ್ನು ಅಡಿಯ ಬಿಳಿಯಿಂದ ಬಂದ ಬೆಳಕು ಮುಳುಗಿಸಿಬಿಡುತ್ತದೆ. ಅದನ್ನೇ ಕಪ್ಪಿನ ಮೇಲೆ ಬಳಿದರೆ ನೀಲಿ ಸಿಡಿದು ಬರುತ್ತದೆ, ಏಕೆಂದರೆ ಪುಡಿಯನ್ನು ದಾಟಿದ ಬೆಳಕನ್ನು ಕಪ್ಪು ನುಂಗುತ್ತದೆ. ಮೀನಿನ ಬೆನ್ನಿನ ಹೊಳೆಯುವ ಕಡುನೀಲಿಯ ಹಿಂದೆಯೂ ಇದೇ ಉಪಾಯವಿದೆ: ಮೇಲೆ ಹರಳು, ಕೆಳಗೆ ಕಪ್ಪು ವರ್ಣದ್ರವ್ಯ.

ರೇಕಿನ ದಾರಿಯ ಹೆಸರಾಂತ ಯಾತ್ರಿಕ ಫಿನ್ಲೆಂಡಿನ ಲೌರಿ ರಾಪಾಲ. ಪಾಯ್ಯಾನೆ ಸರೋವರದ ಬಡ ಬೆಸ್ತ. ಸಣ್ಣ ಮೀನಿನ ಹಿಂಡಿನಲ್ಲಿ ತುಸು ವಾಲುತ್ತ, ತಡವರಿಸುತ್ತ ಈಜುವ ಮೀನಿನ ಮೇಲೆಯೇ ದೊಡ್ಡ ಮೀನು ಎರಗುವುದನ್ನು ಅವನು ದೋಣಿಯಲ್ಲಿ ಕುಳಿತು ಗಮನಿಸಿದ. 1936ರಲ್ಲಿ ಕಾರ್ಕಿನಲ್ಲಿ ಹುಸಿಮೀನು ಕೆತ್ತಿ, ಚಾಕೊಲೇಟ್ ಸುತ್ತಿದ ತಗಡುಕಾಗದವನ್ನು ಅದಕ್ಕೆ ಸುತ್ತಿ, ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಅರಗಿನಂತೆ ಲೇಪಿಸಿದ. ಅಂಗಡಿಯಲ್ಲಿ ವಾರ್ನಿಷ್ ಕೊಳ್ಳಲು ಹಣವಿಲ್ಲದವನ ಉಪಾಯ ಅದು. ಮೂರೂ ಪದರಗಳು ಅಲ್ಲಿದ್ದವು: ಹಗುರ ಒಡಲು, ಕನ್ನಡಿ, ಪಾರದರ್ಶಕ ಕವಚ. ರಾಪಾಲನ ಹಿರಿಮೆಯೆಂದು ಜನ ಹೇಳುವುದು ಬೆಳ್ಳಿಕಾಗದದ ಕಥೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವನು ಕೆತ್ತಿದ ಮೂತಿಯ ಪಟ್ಟಿ, ಗಾಯಗೊಂಡ ಮೀನಿನ ವಾಲಾಟವನ್ನು ತಂದುಕೊಟ್ಟ ಅಳತೆ. ವಾಲಾಟವಿಲ್ಲದಿದ್ದರೆ ಆ ಬೆಳ್ಳಿಕಾಗದವೂ ಬೂತಾಯಿಯ ಪಕ್ಕೆಯಂತೆ ನೀರಿನಲ್ಲಿ ಮರೆಯಾಗುತ್ತಿತ್ತು.

ರೇಕಿನ ಕೆಲಸವನ್ನು ಕಲೆಯ ಮಟ್ಟಕ್ಕೆ ಒಯ್ದವರು ಜಪಾನಿನ ಕೈಕಸುಬಿನವರು. ಬೆಟ್ಟದ ತೊರೆಗಳ ಟ್ರೌಟ್ ಮೀನಿಗಾಗಿ ಬೆರಳುದ್ದದ ಹುಸಿಮೀನು ಮಾಡುತ್ತಾರೆ. ಬಾಲ್ಸಾ ಮರದ ಎರಡು ಹೋಳು. ನಡುವೆ ಬಾಗಿಸಿದ ಸ್ಟೀಲ್ ತಂತಿ, ಹೊಟ್ಟೆಯಲ್ಲಿ ಭಾರದ ಗುಂಡು. ಅಂಟಿಸಿ, ಕೆತ್ತಿ, ಮರಳುಕಾಗದದಲ್ಲಿ ಉಜ್ಜುವುದು. ಆಮೇಲೆ ಸೆಲ್ಯುಲೋಸ್ ಲ್ಯಾಕರ್‌ನಲ್ಲಿ ಅದ್ದುವುದು, ಒಣಗಿಸುವುದು, ಉಜ್ಜುವುದು, ಮತ್ತೆ ಅದ್ದುವುದು. ಮರದ ನಾರು ಒಂದು ಕೂದಲೆಳೆ ಎದ್ದಿದ್ದರೂ ಫಾಯಿಲ್ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಮೈಸೂರು ಶೈಲಿಯ ಚಿತ್ರ ಬರೆಯುವವರು ಚಿನ್ನದ ರೇಕು ಕೂರಿಸುವ ಮೊದಲು ಅಡಿಯ ಗೆಸ್ಸೊವನ್ನು ನಯ ಮಾಡಲು ಪಡುವ ಪಾಡೇ ಇಲ್ಲಿಯೂ.

ಇನ್ನು ಫಾಯಿಲ್. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹದಿನೈದು ಮೈಕ್ರಾನ್‌ನ ತುಸು ಆಚೀಚೆ. ಅಲ್ಯೂಮಿನಿಯಂ ಟೇಪಿನ ಹಾಳೆ ಅದಕ್ಕಿಂತ ದಪ್ಪ, ಬೆನ್ನಿಗೆ ಅಂಟೂ ಇರುತ್ತದೆ. ತುಂಡನ್ನು ಸಣ್ಣ ಹಲ್ಲಿನ ಅರದ ಮೇಲಿಟ್ಟು ಒತ್ತಿದರೆ ಅರದ ಗೀಟು ಹಾಳೆಗೆ ಇಳಿಯುತ್ತದೆ. ತಿರುಗಿಸಿ ಇನ್ನೊಮ್ಮೆ ಒತ್ತಿದರೆ ಗೀಟುಗಳು ಅಡ್ಡಹಾಯ್ದು ಹುರುಪೆಯ ಚೌಕುಳಿ. ಇದನ್ನು ಪಕ್ಕೆಯ ಆಕಾರಕ್ಕೆ ಕತ್ತರಿಸಿ, ನಡುವಿನಿಂದ ಅಂಚಿಗೆ, ಬಿದಿರಿನ ಕಡ್ಡಿಯ ನಯ ತುದಿಯಿಂದ ತೀಡುತ್ತ ಹೋಗಬೇಕು. ಜೋರು ಮಾಡಿದರೆ ಚೌಕುಳಿ ಅಳಿಸಿಹೋಗುತ್ತದೆ, ಮೆತ್ತಗೆ ಮಾಡಿದರೆ ಗಾಳಿ ಉಳಿಯುತ್ತದೆ. ಬೆನ್ನಿನಲ್ಲಿ, ಹೊಟ್ಟೆಯಲ್ಲಿ ಹಾಳೆಗಳು ಕೂಡುವ ಹೊಲಿಗೆಯನ್ನು ಮೇಲೆ ಬರುವ ಕಡುಬಣ್ಣ, ಕೆಳಗೆ ಬರುವ ಬಿಳಿ ಮುಚ್ಚುತ್ತವೆ. ಮತ್ತೆ ಅದ್ದುವುದು.

ಚೌಕುಳಿ ಅಂದಕ್ಕೆಂದು ಮಾತ್ರ ತಿಳಿಯಬಾರದು. ನಯವಾದ ಕನ್ನಡಿ ಒಂದೇ ಕೋನದಲ್ಲಿ ಒಮ್ಮೆ ಪ್ರಖರವಾಗಿ ಮಿಂಚಿ ಆರುತ್ತದೆ. ಗೀಟುಗಳುಳ್ಳ ಮೇಲ್ಮೈ ನೂರಾರು ಪುಟ್ಟ ಕನ್ನಡಿಗಳ ಗುಂಪು. ಮೈ ಹೊರಳುವಾಗ ಒಂದಾದ ಮೇಲೊಂದು ಮಿನುಗುತ್ತ ಹೋಗುತ್ತವೆ. ಪ್ರತಿ ಮಿನುಗು ಸಣ್ಣದು, ಒಟ್ಟು ಹೊತ್ತು ಹೆಚ್ಚು. ಸುತ್ತಿಗೆಯಲ್ಲಿ ಬಡಿದು ಹಳ್ಳ ಬೀಳಿಸಿದ ಚಮಚದ ಹಿಂದೆಯೂ ಇದೇ ಲೆಕ್ಕ. ನಿಧಾನವಾಗಿ ಎಳೆಯುವ, ಹೆಚ್ಚು ಹೊರಳದ ಲೂರಿಗೆ ಗೀಟಿನ ಮೈ ಒಳ್ಳೆಯದು; ಬಿರುಸಾಗಿ ಹೊರಳುವ ಚಮಚಕ್ಕೆ ನಯವಾದ ಮೈಯೇ ಸಾಕು. ಅಮೆರಿಕದ ಇಂಡಿಯಾನಾದ ಕ್ರೀಕ್ ಚಬ್ ಕಂಪನಿ ಒಂದು ಶತಮಾನದ ಹಿಂದೆ ಬಲೆಬಟ್ಟೆಯನ್ನು ಲೂರಿನ ಮೇಲೆ ಬಿಗಿದು ಬಣ್ಣ ಸಿಂಪಡಿಸಿ ಹುರುಪೆಯ ಚಿತ್ರ ತಂದು ಪೇಟೆಂಟ್ ಪಡೆಯಿತು. ಕೈಯಲ್ಲಿ ಹಿಡಿದಾಗ ಬಲು ಚೆಂದ. ನೀರಿನಲ್ಲಿ ತುಸು ದೂರದಿಂದಲೇ ಆ ಚಿತ್ರ ಕರಗಿಹೋಗುತ್ತದೆ; ಗೀಟಿನ ಮಿನುಗು ಉಳಿಯುತ್ತದೆ.

ಕಾರ್ಖಾನೆಯ ವಿಧಾನಗಳನ್ನು ಬೇಗ ಮುಗಿಸಬಹುದು. ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಕೂರಿಸುವುದು, ವಿದ್ಯುತ್ತಿನಿಂದ ನಿಕ್ಕಲ್, ಕ್ರೋಮ್ ಲೇಪಿಸುವುದು, ಬಿಸಿ ಅಚ್ಚಿನಿಂದ ಹೊಲೊಗ್ರಾಂ ಹಾಳೆ ಒತ್ತುವುದು. ಕ್ರೋಮ್ ಕಣ್ಣಿಗೆ ಹೊಳೆದರೂ ಬಿದ್ದ ಬೆಳಕಿನ ಮೂರರಲ್ಲಿ ಎರಡು ಪಾಲಿನಷ್ಟನ್ನೇ ಮರಳಿಸುವುದು. ಅಲ್ಯೂಮಿನಿಯಂ ಸುಮಾರು ಶೇ. 90, ಬೆಳ್ಳಿ ಅದಕ್ಕೂ ಹೆಚ್ಚು. ಕ್ರೋಮಿನ ಬಲ ಉಪ್ಪುನೀರಿಗೆ ಅಂಜದಿರುವುದರಲ್ಲಿದೆ. ಹೊಲೊಗ್ರಾಂ ಹಾಳೆಯಲ್ಲಿ ಮೈಕ್ರಾನ್ ಅಳತೆಯ ಗೀಟುಗಳು ಬೆಳಕನ್ನು ಬಣ್ಣಗಳಾಗಿ ಒಡೆಯುತ್ತವೆ. ಅಂಗಡಿಯ ದೀಪದಡಿ ಕಾಮನಬಿಲ್ಲು ಕಂಡವರು ಒಂದನ್ನು ಮರೆಯುತ್ತಾರೆ: ಒಡೆಯಲು ಬಣ್ಣಗಳು ಬೆಳಕಿನಲ್ಲಿ ಇರಬೇಕು.

ನೀರಿನ ಆಳದಲ್ಲಿ ಅವು ಇರುವುದಿಲ್ಲ. ತಿಳಿ ಸಮುದ್ರದಲ್ಲಿ ಕೆಂಪು ಮೊದಲ ಕೆಲವು ಮೀಟರುಗಳಲ್ಲೇ ಕಳೆದುಹೋಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಆಳಕ್ಕೆ ಉಳಿಯುವುದು 480 ನ್ಯಾನೋಮೀಟರ್ ಸುತ್ತಿನ ನೀಲಿ. ಪಾಚಿಯುಳ್ಳ ಕರಾವಳಿಯ ನೀರಿನಲ್ಲಿ ಹಸಿರು ಉಳಿಯುತ್ತದೆ. ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ಕಾಡಿನ ನೀರಿನಲ್ಲಿ ಮೊದಲು ಹೋಗುವುದೇ ನೀಲಿ. ಹಳದಿ, ಕೆಂಪು ಉಳಿಯುತ್ತವೆ. ಬೆಳ್ಳಿ, ಅಲ್ಯೂಮಿನಿಯಂ ಬಂದ ಬೆಳಕನ್ನು ಬಂದ ಹಾಗೆ ಮರಳಿಸುತ್ತವೆ. ನೀಲಿ ನೀರಿನಲ್ಲಿ ನೀಲಿ, ಹಸಿರಿನಲ್ಲಿ ಹಸಿರು. ಚಿನ್ನದ ಬಣ್ಣದ ಲೋಹ ನೀಲಿಯನ್ನು ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ, ಆದ್ದರಿಂದ ತಿಳಿಗಡಲಿನ ಆಳದಲ್ಲಿ ಮಂಕು. ಚಹಾಬಣ್ಣದ ನೀರಿನಲ್ಲಿ ಅದೇ ಚಿನ್ನ, ತಾಮ್ರಗಳು ಬೆಳ್ಳಿಗೆ ಸರಿಸಮ ನಿಲ್ಲುತ್ತವೆ. ಕದಡಿದ ನೀರಿಗೆ ಚಿನ್ನ, ತಿಳಿನೀರಿಗೆ ಬೆಳ್ಳಿ ಎಂಬ ಗಾಳದವರ ಹಳೆಯ ಮಾತಿಗೆ ಆಧಾರ ಇದೇ. ನಮ್ಮಲ್ಲೇ ನೋಡಿದರೆ ಮಳೆಗಾಲ ಕಳೆದ ಮೇಲೆ ಕಾಳಿ, ಶರಾವತಿ, ಅಘನಾಶಿನಿಗಳ ಅಳಿವೆಯಲ್ಲಿ ಕೆಂಪು ಮಣ್ಣಿನ ನೀರೂ ಹಸಿರು ಕಡಲೂ ಕೂಡುತ್ತವೆ. ಭರತ ಬಂದಾಗ ಒಂದು ನೀರು, ಇಳಿತಕ್ಕೆ ಇನ್ನೊಂದು. ಕಾರವಾರ, ಗೋವಾದವರು ಚೊಣಕ ಎನ್ನುವ ಮೀನಿಗೆ ಅಲ್ಲಿ ಲೂರ್ ಎಸೆಯುವವರು ಬೆಳ್ಳಿ ಒಂದನ್ನೇ ನಂಬಿ ಹೋಗಬಾರದು.

ಆಳಕ್ಕಿಳಿದ ಮೇಲೆ ಹೊಲೊಗ್ರಾಂ ಕಾಮನಬಿಲ್ಲು ಒಂದೇ ಬಣ್ಣದ ಮಿನುಗಾಗಿ ಕುಗ್ಗುತ್ತದೆ. ಮಿನುಗು ವ್ಯರ್ಥವೆಂದಲ್ಲ, ಬಣ್ಣಕ್ಕೆ ಕೊಟ್ಟ ಹೆಚ್ಚುವರಿ ಬೆಲೆ ವ್ಯರ್ಥ. ಮೇಲ್ಕವಚದ ಹೊಳಪಿಗೂ ಇಂಥದೇ ಗತಿ. ಗಾಳಿಯಲ್ಲಿ, ಕವಚಕ್ಕೆ ಬಳಿಯುವ ಎಪಾಕ್ಸಿ ಅಂಟಿನ ನಯ ಮೈ ನೇರವಾಗಿ ಬಿದ್ದ ಬೆಳಕಿನ ಶೇ. 4ರಷ್ಟನ್ನು ಮರಳಿಸುತ್ತದೆ; ಶೋರೂಮಿನ ಥಳುಕು ಅದು. ನೀರಿನ ವಕ್ರೀಭವನಾಂಕ 1.33, ಎಪಾಕ್ಸಿಯದು 1.5ರಷ್ಟು. ಎರಡೂ ಹತ್ತಿರ ಇರುವುದರಿಂದ ನೀರಿಗಿಳಿದೊಡನೆ ಆ ಶೇ. 4 ಹತ್ತು ಪಟ್ಟು ಕುಗ್ಗಿ ಶೇ. 0.4ಕ್ಕಿಂತ ಕೆಳಗೆ ಬರುತ್ತದೆ. ಕವಚದ ಮೇಲಿನ ಸಣ್ಣ ಗೀರುಗಳೂ ಕಾಣದಾಗುತ್ತವೆ. ಕವಚದೊಳಗೆ ಹುದುಗಿರುವ ಫಾಯಿಲ್ಲಿಗೆ, ಅಭ್ರಕದ ಪುಡಿಗೆ ಮಾತ್ರ ನೀರು ತಾಗದು, ಅವುಗಳ ಹೊಳಪು ಕುಗ್ಗದು. ಗಾಜಿನಂತೆ ಮಿರುಗುವವರೆಗೆ ಮೇಲ್ಕವಚವನ್ನು ಪಾಲಿಶ್ ಮಾಡುವ ಶ್ರಮವನ್ನು ಒಳಪದರಕ್ಕೆ ಕೊಡಿ ಎಂದು ಹೊಸಬರಿಗೆ ನಾನು ಧೈರ್ಯವಾಗಿ ಹೇಳಬಲ್ಲೆ.

ಹಾಗೆಂದು ಕವಚ ಗೌಣವಲ್ಲ. ಅದರ ಕೆಲಸ ರಕ್ಷಣೆ. ಅಂಜಲ್ ಹಲ್ಲು ತಾಗಿ ಸೂಜಿಮೊನೆಯಷ್ಟು ತೂತಾದರೂ ಉಪ್ಪುನೀರು ಒಳನುಗ್ಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಸ್ಟೀಲ್ ತಂತಿಯ ಸಂಗ ಸಿಕ್ಕರೆ ಇನ್ನೂ ಬೇಗ. ಎಪಾಕ್ಸಿಯನ್ನು ಬಳಿದು ಹಾಗೇ ನೇತುಹಾಕಿದರೆ ಬಾಲದ ತುದಿಯಲ್ಲಿ ತೊಟ್ಟು ನಿಲ್ಲುತ್ತದೆ. ಅದಕ್ಕೇ ನಿಧಾನಕ್ಕೆ ತಿರುಗುವ ಮೋಟಾರಿನ ಚಕ್ರಕ್ಕೆ ಸಿಕ್ಕಿಸಿ ಗಟ್ಟಿಯಾಗುವ ತನಕ ತಿರುಗಿಸುತ್ತಾರೆ. ಫಾಯಿಲ್ ಮೇಲೆ ಬೆರಳಿನ ಜಿಡ್ಡು ಇದ್ದ ಕಡೆ ಎಪಾಕ್ಸಿ ಹಿಂಜರಿದು ಗುಳಿ ಬೀಳುತ್ತದೆ. ಬಿಸಿಲಿಗೆ ಹಳದಿಯಾಗುವುದು ಅದರ ಹುಟ್ಟುಗುಣ. ಹಳದಿಯಾದ ಎಪಾಕ್ಸಿಯಡಿ ಬೆಳ್ಳಿ ಚಿನ್ನವಾಗುತ್ತದೆ. ಲ್ಯಾಕರ್‌ಗೆ ಆ ದೋಷ ಕಡಿಮೆಯಾದರೂ ತೇವ ಆಗದು: ಮಳೆಗಾಲದ ಮಂಗಳೂರಿನಲ್ಲಿ ಅದ್ದಿ ಒಣಹಾಕಿದರೆ ಗಾಳಿಯ ಪಸೆ ಮೇಲೆ ಕೂತು ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ, ಬೆಳ್ಳಿ ಸತ್ತುಹೋಗುತ್ತದೆ. ಕರಾವಳಿಯಲ್ಲಿ ಈ ಕೆಲಸಕ್ಕೆ ಕಾಲವೆಂದರೆ ಡಿಸೆಂಬರಿನಿಂದ ಮಾರ್ಚ್.

ಹೊಳಪನ್ನು ತಗ್ಗಿಸುವ ಜಾಣ್ಮೆಗೂ ಒಂದು ಮಾತು ಸಲ್ಲಬೇಕು. ನಮ್ಮವರು ಬೊಂಡಾಸ್ ಎನ್ನುವ ಸ್ಕ್ವಿಡ್‌ಗೆ ಜಪಾನೀಯರು ಬಳಸುವ ಎಗಿ ಎಂಬ ಸಿಗಡಿಯಾಕಾರದ ಲೂರಿನಲ್ಲಿ ಬಂಗಾರ, ಕೆಂಪು ಅಥವಾ ಕಾಮನಬಿಲ್ಲಿನ ಫಾಯಿಲ್ ಒಳಗಿರುತ್ತದೆ, ಅದರ ಮೇಲೆ ತೆಳು ಬಟ್ಟೆ. ಬಟ್ಟೆಯ ಎಳೆಗಳ ಸಂದಿನಿಂದ ಮಿನುಗು ಇಣುಕುತ್ತದೆ. ಬೊಂಡಾಸಿನ ಜಾತಿಗೆ ಬಣ್ಣದ ಕಣ್ಣು ಬಹುಮಟ್ಟಿಗೆ ಇಲ್ಲ. ಬೆಳಕಿನ ಧ್ರುವೀಕರಣವನ್ನು ಗುರುತಿಸುವ ಶಕ್ತಿ ಇದೆ. ಇದೇ ಎಳೆ ಹಿಡಿದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಹೆರಿಂಗ್ ಮತ್ತು ಯುರೋಪಿನ ಸಾರ್ಡೀನ್, ಅಂದರೆ ಬೂತಾಯಿಯ ದಾಯಾದಿಗಳ, ಚರ್ಮ ಪರೀಕ್ಷಿಸಿದರು. ಸಾಧಾರಣ ಪದರಗನ್ನಡಿ ಓರೆ ಕೋನದಲ್ಲಿ ಬೆಳಕನ್ನು ಧ್ರುವೀಕರಿಸುತ್ತದೆ, ಹೊಳಪೂ ಕಳೆಯುತ್ತದೆ. ಈ ಮೀನುಗಳು ಎರಡು ಬಗೆಯ ಗ್ವಾನೀನ್ ಹರಳುಗಳನ್ನು ಬೆರೆಸಿಟ್ಟುಕೊಂಡು ಆ ತೊಡಕನ್ನು ದಾಟಿವೆ. ಲೋಹದ ಕನ್ನಡಿಯೂ ಅಷ್ಟಾಗಿ ಧ್ರುವೀಕರಿಸುವುದಿಲ್ಲ. ಚಾಕೊಲೇಟಿನ ಬೆಳ್ಳಿಕಾಗದ ಹುಡುಕಿದ ಬೆಸ್ತನಿಗೆ ಇದು ಗೊತ್ತಿರಲಿಲ್ಲ, ಆದರೂ ಸಾರ್ಡೀನಿನ ಚರ್ಮಕ್ಕೆ ಹತ್ತಿರದ ವಸ್ತುವನ್ನೇ ಅವನು ಆರಿಸಿದ್ದ.

ಕತ್ತಲಲ್ಲಿ ಬೆಳಗುವ ಬಣ್ಣಗಳು, ಅತಿನೇರಳೆಯಲ್ಲಿ ಮಿನುಗುವ ಬಣ್ಣಗಳು ಬೇರೆ ಜಾತಿಯವು. ಅವು ಬೆಳಕನ್ನು ಮರಳಿಸುವುದಿಲ್ಲ, ನುಂಗಿ ಬೇರೆ ಬೆಳಕು ಉಗುಳುತ್ತವೆ.  

ಲೇಪನಗಳಿಗೂ ಕೊಡಬೇಕಾದ ಬೆಲೆಯಿದೆ. ಬಂಡೆಗೆ ಸಿಕ್ಕಿ ಕಡಿದ ಲೂರ್ ಅಲ್ಲೇ ಉಳಿಯುತ್ತದೆ, ಅದರ ಸೀಸ, ಪ್ಲಾಸ್ಟಿಕ್, ಮಿನುಗುಪುಡಿ ನೀರಿಗೆ ಸೇರುತ್ತವೆ. ಅಂಗಡಿಯ ಗ್ಲಿಟರ್ ಅಂದರೆ ಅಲ್ಯೂಮಿನಿಯಂ ಹಿಡಿಸಿದ ಪಾಲಿಯೆಸ್ಟರ್ ಹಾಳೆಯ ಚೂರು. ಬೇಕೆಂದೇ ಬೆರೆಸುವ ಇಂಥ ಸೂಕ್ಷ್ಮ ಪ್ಲಾಸ್ಟಿಕ್ಕಿನ ಮೇಲೆ ಐರೋಪ್ಯ ಒಕ್ಕೂಟ 2023ರಲ್ಲಿ ನಿರ್ಬಂಧ ತಂದಿತು. ಹಳೆಯ ಬಗೆಯ ಕ್ರೋಮ್ ಲೇಪನದ ತೊಟ್ಟಿಗಳಲ್ಲಿರುವ ಷಡ್‌ವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅಭ್ರಕವೂ ನಿಷ್ಕಳಂಕವಲ್ಲ, ಜಾರ್ಖಂಡ್, ಬಿಹಾರದ ಗಣಿಗಳಲ್ಲಿ ಮಕ್ಕಳು ಅಭ್ರಕ ಆಯುವ ಸುದ್ದಿ ಮತ್ತೆಮತ್ತೆ ಬಂದಿದೆ. ಕಾರ್ಖಾನೆಯಲ್ಲಿ ತಯಾರಾದ ಕೃತಕ ಅಭ್ರಕದ ಪುಡಿ ಸಿಗುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಬೇಕೆಂದು ನನ್ನ ಒತ್ತಾಯ. ಈ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಹಾನಿಯದು ಅಡುಗೆಮನೆಯ ಫಾಯಿಲ್ಲೇ.

ಮನೆಯಲ್ಲಿ ಲೂರ್ ಮಾಡುವವರು ಲೇಪನವನ್ನು ಪರೀಕ್ಷಿಸಲು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುವುದನ್ನು ಬಿಡಬೇಕು. ಮೀನು ಸಾಕುವ ಗಾಜಿನ ತೊಟ್ಟಿಯ ಹಿಂಬದಿ, ಅಕ್ಕಪಕ್ಕ, ತಳಗಳಿಗೆ ಒಂದೇ ಬೂದುಬಣ್ಣದ ಕಾಗದ ಅಂಟಿಸಿ, ಮೇಲಿನಿಂದ ಮಾತ್ರ ದೀಪ ಬಿಟ್ಟು, ನೀರಿಗೆ ಎರಡು ತೊಟ್ಟು ಹಾಲು ಹಾಕಿದರೆ ಸಮುದ್ರದ ಮಬ್ಬು ಸಾಕಷ್ಟು ಬರುತ್ತದೆ; ಕಾಡುಹೊಳೆ ಬೇಕೆಂದರೆ ಚಹಾದ ಡಿಕಾಕ್ಷನ್. ದೀಪಕ್ಕೆ ನೀಲಿ ಅಥವಾ ಹಸಿರು ಜಿಲೆಟಿನ್ ಕಾಗದ ಹಿಡಿದರೆ ಆಳವೂ ಬಂತು. ಲೂರನ್ನು ನೂಲಿಗೆ ಕಟ್ಟಿ ಇಳಿಬಿಟ್ಟು, ತೊಟ್ಟಿಯ ಮಟ್ಟಕ್ಕೆ ಕಣ್ಣಿಟ್ಟು ಎದುರಿನಿಂದ ನೋಡಬೇಕು. ನೆಟ್ಟಗಿದ್ದಾಗ ಫಾಯಿಲ್ಲಿನ ಪಕ್ಕೆ ಬೂದುಗಾಗದದಲ್ಲಿ ಕರಗಿ, ಬೆನ್ನಿನ ಕಪ್ಪುಗೆರೆ ಮಾತ್ರ ಉಳಿಯುತ್ತದೆ; ಲೂರನ್ನು ತುಸುತುಸುವೇ ವಾಲಿಸಿದರೆ ಯಾವ ಕೋನದಲ್ಲಿ ಮಿಂಚು ಹೊರಡುತ್ತದೆ ಎಂದು ತಿಳಿಯುತ್ತದೆ. ಆಮೇಲೆ ಹೊಳೆಯಲ್ಲೋ ಕೆರೆಯಲ್ಲೋ ಎಳೆದು ನೋಡಿದಾಗ ಲೂರ್ ಆ ಕೋನದವರೆಗೆ ಹೊರಳದಿದ್ದರೆ, ಲೇಪನ ಕೆರೆದು ಹೊಸದು ಹಾಕುವ ಮೊದಲು ಹೊಟ್ಟೆಯ ಭಾರವನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೋ ಹಿಂದಕ್ಕೋ ಸರಿಸಿ, ಮೂತಿಯ ಪಟ್ಟಿಯನ್ನು ತುಸು ಅಗಲ ಮಾಡಿ ನೋಡಬೇಕು.